ಮಿತ್ರನ ಮನೆಗೆ ಚಿಕ್ಕ ಮಕ್ಕಳೊಡನೆ ಹೋಗುವ ವಿಷಯ



ಚಿಕ್ಕ ಮಕ್ಕಳನ್ನು ಕರಕೊಂಡು ದೂರ ಪ್ರಯಾಣ ಮಾಡುವವನು ದಾರಿಯಲ್ಲಿರುವ ತನ್ನ ಪ್ರಾಣಮಿತ್ರನ ಮನೆಯಲ್ಲಿ ಇಳುಕೊಳ್ಳಬಹುದೋ, ಇಲ್ಲವೆ ಅವನಿಗೆ ತೊಂದರೆಯಾದೀತೆಂದು ಆ ಊರನ್ನು ದಾಟಿ ಮುಂದಕ್ಕೆ ಹೋಗಬೇಕೋ? ಈ ಪ್ರಶ್ನೆಯು ನೋಡುವದಕ್ಕೆ ಸಣ್ಣದು. ಆದರೂ ಮದುವೆಗಾಗಲಿ, ಹಬ್ಬಕ್ಕಾಗಲಿ, ದೊಡ್ಡ ಊರಿನ ಆಸ್ಪತ್ರೆಗಾಗಲಿ, ಕೆಲಸವನ್ನು ಹುಡುಕಿಕೊಂಡಾಗಲಿ ಹೆಂಡತಿಮಕ್ಕಳೊಡನೆ ಹೊರಡುವ ಯಾವನೂ ಇದನ್ನು ತಪ್ಪಿಸಿಕೊಳ್ಳಲಾರನು. ರಾತ್ರಿ ಎಂಟು ಗಂಟೆಗೆ ಬಸ್ಸಿನಿಂದ ಇಳಿದು, ಹೆಗಲ ಮೇಲೆ ನಿದ್ದೆಹೋದ ಕೂಸು ಒಂದು, ಕೈ ಹಿಡಿದು ಅಳುವದು ಇನ್ನೊಂದು, ತಾಯಿಯ ಸೆರಗನ್ನು ಬಿಡದಿರುವದು ಮತ್ತೊಂದು, ಇವುಗಳ ನಡುವೆ ನಿಂತು ಗಂಡಹೆಂಡರು ಒಬ್ಬರ ಮುಖವನ್ನೊಬ್ಬರು ನೋಡುವಾಗ ಈ ಪ್ರಶ್ನೆಯು ಇಬ್ಬರ ಕಣ್ಣಿನಲ್ಲಿಯೂ ಇರುವದು. ಆ ಹೊತ್ತಿನಲ್ಲಿ ವಿಚಾರಮಾಡುವದಕ್ಕೆ ಸಮಯವಿಲ್ಲ. ಆದ ಕಾರಣ ಈಗ, ಸಾವಕಾಶವಾಗಿ ಕೂತಿರುವಾಗಲೇ, ಅದನ್ನು ವಿಚಾರಿಸೋಣ.

ಈ ವಿಷಯವಾಗಿ ಜನರು ಸಾಧಾರಣವಾಗಿ ಎರಡು ಉತ್ತರಗಳನ್ನು ಕೊಡುವದುಂಟು. ಒಬ್ಬನು, "ಪ್ರಾಣಮಿತ್ರನ ಮನೆ ಅಂದ ಮೇಲೆ ಅದು ನನ್ನ ಮನೆಯೇ ಸರಿ, ಹೋಗುವದಕ್ಕೆ ಕೇಳುವದೇನು, ಇರುವದಕ್ಕೆ ಲೆಕ್ಕವೇನು?" ಅನ್ನುತ್ತಾನೆ. ಮತ್ತೊಬ್ಬನು, "ಮಕ್ಕಳು ದೊಡ್ಡವರಾಗುವ ತನಕ ಯಾರ ಮನೆಯ ಹೊಸ್ತಿಲನ್ನೂ ತುಳಿಯಬಾರದು, ನಮ್ಮ ಕಷ್ಟವು ನಮ್ಮ ಸಂಗಡಲೇ ಇರಲಿ" ಅನ್ನುತ್ತಾನೆ. ಮೊದಲನೆಯವನು ಪ್ರೀತಿಯನ್ನು ಬಲ್ಲವನಂತೆಯೂ ಎರಡನೆಯವನು ಮರ್ಯಾದೆಯನ್ನು ಬಲ್ಲವನಂತೆಯೂ ಕಾಣುತ್ತಾನೆ. ಆದರೆ ಇವರಿಬ್ಬರೂ ಒಂದೇ ಸಂಗತಿಯನ್ನು ನೋಡದೆ ಹೋಗಿದ್ದಾರೆ. ಅದು ಯಾವದೆಂಬದನ್ನು ಇವರ ಮಾತುಗಳನ್ನು ಒಂದೊಂದಾಗಿ ತೂಗಿ ತಿಳುಕೊಳ್ಳೋಣ.

ಮೊದಲು ಮಗುವೆಂಬ ಅತಿಥಿಯ ಸ್ವಭಾವವನ್ನು ನೋಡಿರಿ. ದೊಡ್ಡವನು ಅತಿಥಿಯಾಗಿ ಬಂದರೆ ತಾನು ಮನೆಗೆ ಹೊಂದಿಕೊಳ್ಳುತ್ತಾನೆ; ಮಗುವು ಬಂದರೆ ಮನೆಯೇ ಅದಕ್ಕೆ ಹೊಂದಿಕೊಳ್ಳಬೇಕು. ದೊಡ್ಡವನು ಹಸಿವೆಯನ್ನು ಒಂದು ಗಳಿಗೆ ತಡೆದಾನು, ಮಗುವು ತಡೆಯದು. ಹೊಸ ಮನೆಯ ಕತ್ತಲೆಗೆ ಹೆದರಿ ಅದು ನಡುರಾತ್ರಿಯಲ್ಲಿ ಕೂಗುವದು. ಹೊದಿಸಿದ ಕಂಬಳಿಯನ್ನು ಒದ್ದೆಮಾಡುವದು. ಖಾರದ ಪಲ್ಯವನ್ನು ಉಗುಳಿ ಹಾಲನ್ನು ಕೇಳುವದು, ಆ ಹೊತ್ತಿಗೆ ಮನೆಯ ಹಾಲು ಡೇರಿಗೆ ಹೋಗಿರುವದು. ಕಟ್ಟೆಯಿಲ್ಲದ ಬಾವಿ, ನೆಲದ ಮೇಲಿನ ಒಲೆ, ಹಾಯುವ ಎಮ್ಮೆ, ಮೂಲೆಯಲ್ಲಿಟ್ಟ ಬೆಳೆಯ ಔಷಧದ ಡಬ್ಬಿ, ಇವುಗಳ ಅಪಾಯವು ಆ ಮನೆಯ ಮಕ್ಕಳಿಗೆ ಗೊತ್ತು. ಬಂದ ಮಗುವಿಗೆ ಗೊತ್ತಿಲ್ಲ. ಎಷ್ಟೋ ವರುಷಗಳ ಮೇಲೆ ಕೂಡಿದ ಮಿತ್ರರಿಬ್ಬರು ಮನಸ್ಸು ಬಿಚ್ಚಿ ಮಾತಾಡಬೇಕೆಂದು ಕೂತರೆ ಪ್ರತಿಯೊಂದು ಮಾತೂ ನಡುವೆ ತುಂಡಾಗುವದು. ನಮ್ಮ ದೇಶದ ರೈಲಿನವರು ೫ ವರುಷಕ್ಕೆ ಕಡಿಮೆಯಾದ ಮಗುವಿಗೆ ಬೇರೆ ಸ್ಥಳವನ್ನು ಕೇಳದಿದ್ದರೆ ಹಣವನ್ನು ತೆಗೆದುಕೊಳ್ಳುವದಿಲ್ಲ. ೫ರಿಂದ ೧೨ರ ಒಳಗಿನವರಿಗೆ ಬೇರೆ ಸ್ಥಳ ಬೇಡವೆಂದರೆ ಅರ್ಧ ದರವೂ, ಮಲಗುವ ಸ್ಥಳ ಬೇಕೆಂದರೆ ೨೦೧೬ನೇ ಇಸವಿಯ ಏಪ್ರಿಲ್ ತಿಂಗಳಿಂದ ಪೂರ್ಣ ದರವೂ ಉಂಟು. ಟಿಕೀಟಿನ ಲೆಕ್ಕದಲ್ಲಿ ಚಿಕ್ಕ ಮಗುವು ಸೊನ್ನೆ. ಇಳುಕೊಂಡ ಮನೆಯ ಲೆಕ್ಕದಲ್ಲಿಯೋ ಅದು ದೊಡ್ಡವರಿಬ್ಬರಿಗೆ ಸಮವಾಗಿದೆ.

ಹೀಗಿರಲಾಗಿ, "ಹೋಗಲೇಬಾರದು" ಎಂಬವನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಕೂಡದು. ಅವನು ಪರರ ತೊಂದರೆಯನ್ನು ಕಂಡವನು. ಆದರೆ ಅವನ ನಿಯಮವನ್ನು ಕೊನೆಯ ತನಕ ನಡಿಸಿ ನೋಡಿರಿ. ಒಂದು ಮನೆಯಲ್ಲಿ ಮೂರು ಮಕ್ಕಳು, ಒಂದಕ್ಕೂ ಇನ್ನೊಂದಕ್ಕೂ ಮೂರು ವರುಷಗಳ ಅಂತರ ಎಂದಿಟ್ಟುಕೊಳ್ಳೋಣ. ಮೊದಲನೆಯದು ಹುಟ್ಟಿದ ದಿನದಿಂದ ಕಡೆಯದಕ್ಕೆ ಆರು ವರುಷ ತುಂಬುವ ತನಕ ೧೨ ವರುಷಗಳು ಕಳೆಯುವವು. ಅಷ್ಟು ಕಾಲ ಮುಚ್ಚಿದ ಬಾಗಿಲು ತಿರಿಗಿ ಸುಲಭವಾಗಿ ತೆರೆಯುವದೋ? ಆ ೧೨ ವರುಷಗಳಲ್ಲಿ ಮಿತ್ರನ ತಾಯಿ ತೀರಿಹೋದಾಳು, ಮಿತ್ರನೇ ತೀರಿಹೋದಾನು. ಅವನು ನಮ್ಮ ಮಕ್ಕಳನ್ನು ಹೆಸರಿನಿಂದ ಬಲ್ಲನೇ ಹೊರತು ತೊಡೆಯ ಮೇಲೆ ಕೂರಿಸಿಕೊಂಡವನಾಗಿರನು. ಮನುಷ್ಯನ ಆಯುಷ್ಯದಲ್ಲಿ ಸ್ನೇಹಕ್ಕೆ ಹೆಚ್ಚು ಬಲವಿರುವ ವರುಷಗಳೂ ಮಕ್ಕಳು ಚಿಕ್ಕವರಾಗಿರುವ ವರುಷಗಳೂ ಬಹುಮಟ್ಟಿಗೆ ಒಂದೇ. ಇವುಗಳನ್ನು ಬಿಟ್ಟುಕೊಟ್ಟು ಉಳಿದವುಗಳಲ್ಲಿ ಸ್ನೇಹಮಾಡುವೆನೆಂಬವನು ಮಳೆಗಾಲವನ್ನು ಬಿಟ್ಟು ಬೇಸಿಗೆಯಲ್ಲಿ ಬಿತ್ತುವೆನೆಂಬವನ ಹಾಗಿದ್ದಾನೆ.

ಇದಲ್ಲದೆ, ಅವನ ಮರ್ಯಾದೆಯ ಒಳಗೆ ಇನ್ನೊಂದು ವಸ್ತುವು ಅಡಗಿರುವದುಂಟು. ಅದರ ಹೆಸರು ಗರ್ವ. ಕೊಡುವವನಾಗಿ ಮಾತ್ರ ಇರಬೇಕೆಂಬವನು ತನ್ನ ಮಿತ್ರನನ್ನು ಎಂದೆಂದಿಗೂ ತೆಗೆದುಕೊಳ್ಳುವವನಾಗಿ ಇಡುತ್ತಾನೆ. ಒಂದು ರಾತ್ರಿಯ ಆಸರೆಯನ್ನು ಕೇಳದವನು ತಾನು ಯಾರ ಸಾಲಗಾರನೂ ಅಲ್ಲವೆಂದು ಸಂತೋಷಪಡುವನು. ಆದರೆ ಸಾಲವೇ ಇಲ್ಲದ ಕಡೆ ವ್ಯಾಪಾರವಿರಬಹುದು, ಸ್ನೇಹವಿರದು. ನೀವು ತನ್ನ ಊರಲ್ಲಿ ಇಳಿದು, ಬಸ್ಸಿನ ನಿಲ್ದಾಣದಲ್ಲಿ ಮಕ್ಕಳನ್ನು ಮಲಗಿಸಿ, ಬೆಳಿಗ್ಗೆ ಎದ್ದು ಹೋದಿರೆಂದು ನಿಮ್ಮ ಮಿತ್ರನು ತಿಂಗಳ ಮೇಲೆ ಕೇಳಿದರೆ, "ನನ್ನ ತೊಂದರೆಯನ್ನು ಎಷ್ಟು ನೆನಸಿದನು!" ಎಂದು ಹೇಳುವನೋ? "ನನ್ನ ಮನೆಯು ಅಷ್ಟು ಸಣ್ಣದಾಗಿ ಕಂಡಿತೋ?" ಎಂದು ಹೇಳುವನು. ಆ ಮಿತ್ರನು ಬಡವನಾಗಿದ್ದು, ಅದೇ ಊರಲ್ಲಿ ಹಣವಂತನಾದ ಬೇರೊಬ್ಬನ ಮನೆಯಲ್ಲಿ ನೀವು ಇಳುಕೊಂಡಿದ್ದರಂತೂ ಆ ಗಾಯವು ಬೇಗ ಮಾಯದು.

ಇನ್ನು "ಅದು ನನ್ನ ಮನೆಯೇ" ಎಂಬವನ ಮಾತು. ಇದು ಕೇಳುವದಕ್ಕೆ ಜೇನಿನಂತಿದೆ. ಆದರೆ ಅವನನ್ನು ಒಂದು ಮಾತು ಕೇಳೋಣ: ಅಪ್ಪಾ, ಆ ಮನೆಯಲ್ಲಿ ಹಿಟ್ಟು ನಾದುವವರು ಯಾರು? ಅವನ ಮಿತ್ರನೋ? ಅಲ್ಲ, ಮಿತ್ರನು ಅವನ ಸಂಗಡ ಜಗಲಿಯ ಮೇಲೆ ಕೂತು ಹಳೇ ಕಾಲದ ಸಂಗತಿಗಳನ್ನು ಮಾತಾಡುತ್ತಾನೆ. ಒಳಗೆ ಒಲೆಯ ಮುಂದೆ ಇರುವವಳು ಮಿತ್ರನ ಹೆಂಡತಿ. ಬಂದವರು ಗಂಡಹೆಂಡರೂ ಮೂರು ಮಕ್ಕಳೂ ಎಂದಿಟ್ಟುಕೊಳ್ಳಿರಿ. ದೊಡ್ಡವರಿಗೆ ಹೊತ್ತಿಗೆ ಮೂರರಂತೆ ಆರು ಜೋಳದ ರೊಟ್ಟಿ, ಮಕ್ಕಳೆಲ್ಲರಿಗೂ ಕೂಡಿ ಮೂರು. ಹೊತ್ತಿಗೆ ೯, ಎರಡು ಹೊತ್ತಿನ ದಿನಕ್ಕೆ ೧೮, ಮೂರು ದಿನಗಳಿಗೆ ೫೪. ಇದು ಮನೆಯವರ ಊಟವನ್ನು ಬಿಟ್ಟು ಮೇಲಿನ ಲೆಕ್ಕ. ಒಂದೊಂದನ್ನೂ ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಬೇಯಿಸಬೇಕು. ನಮ್ಮ ಅನೇಕ ಊರುಗಳಲ್ಲಿ ನಳದ ನೀರು ದಿನಾಲು ಬರುವದಿಲ್ಲ. ಮಕ್ಕಳ ಒದ್ದೆಬಟ್ಟೆಗಳನ್ನು ಒಗೆಯುವ ನೀರನ್ನು ಹೊತ್ತು ತರುವವಳೂ ಅವಳೇ, ಇಲ್ಲವೆ ಅವಳ ಅತ್ತೆ. ಬಂದ ಕೂಸನ್ನು ಎತ್ತಿಕೊಂಡು ಆಡಿಸುವದಕ್ಕೆ ಮನೆಯ ಹತ್ತು ವರುಷದ ಹುಡುಗಿಯನ್ನು ಶಾಲೆಯಿಂದ ನಿಲ್ಲಿಸುವದೂ ಉಂಟು.

ಈ ಹೆಂಗಸು, ಈ ಮುದುಕಿ, ಈ ಹುಡುಗಿ, ಇವರಲ್ಲಿ ಯಾರೂ ನಿಮ್ಮ ಸ್ನೇಹವನ್ನು ಆರಿಸಿಕೊಂಡವರಲ್ಲ. ನೀವಿಬ್ಬರು ಒಂದೇ ಶಾಲೆಯಲ್ಲಿ ಓದಿದಿರಿ, ಒಂದೇ ಹೊಲದಲ್ಲಿ ದುಡಿದಿರಿ, ಒಬ್ಬನ ಕಷ್ಟದಲ್ಲಿ ಮತ್ತೊಬ್ಬನು ನಿಂತಿರಿ. ಅದು ನಿಮ್ಮ ಭಾಗ್ಯ. ಅವರು ಆ ಭಾಗ್ಯದಲ್ಲಿ ಪಾಲು ಹೊಂದದೆ ಅದರ ಹೊರೆಯನ್ನು ಹೊರುತ್ತಾರೆ. ಮೇಲೆ ಹೇಳಿದ ಇಬ್ಬರೂ ನೋಡದೆಹೋದ ಸಂಗತಿಯು ಇದೇ: ಸ್ನೇಹವು ಇಬ್ಬರದು, ಅದರ ಭಾರವು ಮೂರನೆಯವರದು. ಒಬ್ಬನು ಭಾರವನ್ನು ನೋಡಲೇ ಇಲ್ಲ. ಇನ್ನೊಬ್ಬನು ಭಾರವನ್ನು ನೋಡಿ ಅದನ್ನು ಹೊರುವವರು ಯಾರೆಂದು ನೋಡಲಿಲ್ಲ. ಆದ ಕಾರಣ "ಮಿತ್ರನಿಗೆ ಭಾರವಾಗಬಹುದೋ?" ಎಂದು ಕೇಳುವದಕ್ಕಿಂತ "ನಮ್ಮ ನಿಮಿತ್ತ ಭಾರವನ್ನು ಹೊರುವವರು ಯಾರು, ಅವರಿಗಾಗಿ ನಾನು ಮಾಡುವದೇನು?" ಎಂದು ಕೇಳುವದು ಉತ್ತಮ.

ಈ ಮಾತಿಗೆ ಚರಿತ್ರೆಯಲ್ಲಿ ಒಂದು ದೊಡ್ಡ ದೃಷ್ಟಾಂತವುಂಟು. ೧೮೯೬ನೇ ಇಸವಿಯ ಕೊನೆಯಲ್ಲಿ ಮೋಹನದಾಸ ಗಾಂಧಿಯವರು ತಮ್ಮ ಹೆಂಡತಿಯಾದ ಕಸ್ತೂರಬಾ, ಹರಿಲಾಲ ಮಣಿಲಾಲರೆಂಬ ಇಬ್ಬರು ಚಿಕ್ಕ ಗಂಡುಮಕ್ಕಳು, ವಿಧವೆಯಾದ ಅಕ್ಕನ ಒಬ್ಬ ಮಗನು, ಇವರನ್ನು ಕರಕೊಂಡು ಬೊಂಬಾಯಿಯಿಂದ ದಕ್ಷಿಣ ಆಫ್ರಿಕದ ಡರ್ಬನ್ ಪಟ್ಟಣಕ್ಕೆ ಕೂರ್ಲೆಂಡ್ ಎಂಬ ಹಡಗಿನಲ್ಲಿ ಹೋದರು. ಬೊಂಬಾಯಿಯಲ್ಲಿ ಪ್ಲೇಗು ಇದ್ದದರಿಂದ ಆ ಹಡಗನ್ನೂ ಅದರ ಜೊತೆಗೆ ಬಂದ ನಾದೇರಿ ಎಂಬ ಹಡಗನ್ನೂ ಬಂದರಿನ ಹೊರಗೆ ೨೩ ದಿನಗಳ ತನಕ ನಿಲ್ಲಿಸಿದರು. ಭಾರತೀಯರು ತಮ್ಮ ದೇಶದೊಳಗೆ ಬರಬಾರದೆಂದು ಅಲ್ಲಿಯ ಅನೇಕ ಬಿಳಿಯರು ಕೋಪಗೊಂಡಿದ್ದರು. ಗಾಂಧಿಯವರ ಮೇಲಂತೂ ಅವರಿಗೆ ಬಹಳ ಸಿಟ್ಟು. ೧೮೯೭ನೇ ಜನವರಿ ೧೩ರಲ್ಲಿ ಇಳಿಯುವದಕ್ಕೆ ಅಪ್ಪಣೆಯಾಯಿತು. ಎಲ್ಲಿಗೆ ಹೋಗುವದು? ಪಾರ್ಸೀ ರುಸ್ತುಮಜಿ ಎಂಬ ವರ್ತಕನು ಗಾಂಧಿಯವರ ಮಿತ್ರನು. ಅವನ ಮನೆಯು ಬಂದರಿನಿಂದ ಸುಮಾರು ಎರಡು ಮೈಲು ದೂರದಲ್ಲಿತ್ತು. ಕಸ್ತೂರಬಾಯಿಯವರನ್ನೂ ಮಕ್ಕಳನ್ನೂ ಮುಂಚಿತವಾಗಿ ಗಾಡಿಯಲ್ಲಿ ಕೂರಿಸಿ ಆ ಮನೆಗೆ ಕಳುಹಿಸಿ, ಗಾಂಧಿಯವರು ಲಾಟನ್ ಎಂಬ ಒಬ್ಬ ಬಿಳಿಯ ವಕೀಲನ ಸಂಗಡ ಹಿಂದಿನಿಂದ ನಡೆದುಹೋದರು.

ದಾರಿಯಲ್ಲಿ ಗುಂಪು ಕೂಡಿ, ಲಾಟನನನ್ನು ಅಗಲಿಸಿ, ಗಾಂಧಿಯವರನ್ನು ಕಲ್ಲಿನಿಂದಲೂ ಕೊಳೆತ ಮೊಟ್ಟೆಗಳಿಂದಲೂ ಹೊಡೆದು, ಒದ್ದು, ಪ್ರಾಣಕ್ಕೆ ತಂದಿತು. ಪೋಲೀಸ್ ಅಧಿಕಾರಿಯಾದ ಅಲೆಗ್ಸಾಂಡರನ ಹೆಂಡತಿಯು ಆ ದಾರಿಯಲ್ಲಿ ಬಂದು ತನ್ನ ಛತ್ರಿಯನ್ನು ಬಿಚ್ಚಿ ಅಡ್ಡವಾಗಿ ನಿಂತದರಿಂದ ಅವರು ಉಳಿದರು. ರುಸ್ತುಮಜಿಯ ಮನೆಯನ್ನು ಮುಟ್ಟಿದ ಮೇಲೆ ಗುಂಪು ಅಲ್ಲಿಗೂ ಬಂದು ಸುತ್ತಿಕೊಂಡು, ಅವರನ್ನು ತಮ್ಮ ಕೈಗೆ ಒಪ್ಪಿಸಬೇಕೆಂದು ಕೂಗಿತು. ಆಗ ಅಲೆಗ್ಸಾಂಡರನು ಗುಂಪನ್ನು ಹಾಡಿನಿಂದಲೂ ಹಾಸ್ಯದಿಂದಲೂ ತಡೆದು ನಿಲ್ಲಿಸಿ, ಮಿತ್ರನ ಮನೆಯೂ ಸೊತ್ತೂ ತಮ್ಮ ಸ್ವಂತ ಹೆಂಡತಿಮಕ್ಕಳೂ ಉಳಿಯಬೇಕಾದರೆ ವೇಷ ಹಾಕಿಕೊಂಡು ಹೊರಗೆ ಹೋಗತಕ್ಕದ್ದೆಂದು ಗಾಂಧಿಯವರಿಗೆ ಒಳಗೆ ಹೇಳಿಕಳುಹಿಸಿದನು. ಅವರು ಅದಕ್ಕೆ ಒಪ್ಪಿ, ಭಾರತೀಯ ಪೋಲೀಸಿನವನ ಉಡುಪನ್ನು ಹಾಕಿಕೊಂಡು, ಹಿತ್ತಲ ಸಂದಿಯಿಂದ ಪಕ್ಕದ ಅಂಗಡಿಯೊಳಗೆ ನುಗ್ಗಿ, ಪೋಲೀಸ್ ಠಾಣೆಗೆ ಹೋಗಿ ಸೇರಿದರು.

ಈ ಸಂಗತಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಮೂರು ಮಾತುಗಳಿವೆ. ಮೊದಲನೆಯದು, ಮಿತ್ರನ ಮನೆಗೆ ಭಾರವಾಗುವದು ತಪ್ಪೆಂದು ಹೇಳಿ ಅವರು ಮಕ್ಕಳನ್ನು ಬೀದಿಯಲ್ಲಿ ಇಡಲಿಲ್ಲ. ಅಪಾಯವಿರುವದೆಂದು ತಿಳಿದೂ ರುಸ್ತುಮಜಿಯು ಬಾಗಿಲನ್ನು ತೆರೆದನು. ಅವರು ಅದರೊಳಗೆ ಹೋದರು. ಕೊಟ್ಟವನಿಗೂ ತೆಗೆದುಕೊಂಡವನಿಗೂ ಅದು ಅವಮಾನವಾಗಲಿಲ್ಲ. ಎರಡನೆಯದು, ಮಕ್ಕಳಿಗೆ ತಗಲಬಾರದ ಪೆಟ್ಟು ಮಕ್ಕಳಿಗೆ ತಗಲದ ಹಾಗೆ ಅವರನ್ನು ಮೊದಲೇ ಬೇರೆಯಾಗಿ ಕಳುಹಿಸಿದರು. ಮೂರನೆಯದು, ತನ್ನ ನಿಮಿತ್ತ ಆ ಮನೆಯವರಿಗೆ ಹಾನಿಯಾಗುವದೆಂದು ಕಂಡಾಗ, ಮನೆಯವನು "ಹೋಗು" ಎಂದು ಹೇಳುವ ತನಕ ಕಾಯದೆ ಹೊರಟುಹೋದರು. ಕರೆದ ಮನೆಗೆ ಹೋಗುವದು ಸ್ನೇಹ. ಸಕಾಲದಲ್ಲಿ ಆ ಮನೆಯನ್ನು ಬಿಡುವದೂ ಸ್ನೇಹವೇ.

ನಮ್ಮ ಮನೆಗಳನ್ನು ಗುಂಪುಗಳು ಮುತ್ತುವದಿಲ್ಲ. ಆದರೂ ಅತಿಥಿಗೆ ಕಾಣದ ತೊಂದರೆಯು ಸಣ್ಣ ಮನೆಯಲ್ಲಿಯೂ ನಡೆಯುವದು. ನಡುರಾತ್ರಿಯಲ್ಲಿ ಬಂದ ಮಿತ್ರನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಪ್ರಯಾಣದಿಂದ ಬಂದವನಿಗೆ ಬಡಿಸುವದಕ್ಕೆ ಮನೆಯಲ್ಲಿ ರೊಟ್ಟಿಯಿಲ್ಲ. ಮನೆಯವನು ನೆರೆಯವನ ಬಾಗಿಲಿಗೆ ಹೋಗಿ ಕೇಳುತ್ತಾನೆ. ನೆರೆಯವನು ಮಕ್ಕಳೊಡನೆ ಮಲಗಿಕೊಂಡಿದ್ದಾನೆ, ಏಳಲೊಲ್ಲನು. ನಾವು ಆ ಸಾಮ್ಯದಲ್ಲಿ ಬಾಗಿಲು ತಟ್ಟುವವನನ್ನು ಮಾತ್ರ ನೋಡುವದು ವಾಡಿಕೆ. ಈ ಸಾರಿ ಮಲಗಿದ್ದ ಆ ಮಕ್ಕಳನ್ನು ನೋಡಿರಿ. ಒಬ್ಬ ಪ್ರಯಾಣಿಕನು ಬಂದ ಕಾರಣ ಎರಡು ಮನೆಗಳು ಎಚ್ಚರವಾದವು. ಅವನನ್ನು ಎಂದೂ ನೋಡದ ಮಕ್ಕಳ ನಿದ್ದೆಯೂ ಕೆಡುವ ಹಾಗಾಯಿತು. ಮಿತ್ರನ ಮನೆಯ ಬಟ್ಟಲಲ್ಲಿ ನಮ್ಮ ಮಕ್ಕಳಿಗೆ ಹಾಲು ಬಂದರೆ ಅದು ಯಾವ ಮನೆಯಿಂದ ಬಂತೆಂದು ಒಂದು ಕ್ಷಣ ಯೋಚಿಸುವದು ಒಳ್ಳೇದು.

ಇಷ್ಟರ ವರೆಗೆ ಮಿತ್ರನ ಮನೆಯವರ ವಿಷಯವಾಯಿತು. ಸ್ನೇಹವನ್ನು ಆರಿಸಿಕೊಳ್ಳದೆ ಅದರ ಭಾರವನ್ನು ಹೊರುವವರು ನಮ್ಮ ಕಡೆಯಲ್ಲಿಯೂ ಇದ್ದಾರೆ. ಅವರು ಯಾರಂದರೆ ನಮ್ಮ ಮಕ್ಕಳೇ. ಇಲ್ಲಿ ಒಂದು ಕಠಿಣವಾದ ಮಾತನ್ನು ಹೇಳಬೇಕು. ನಮ್ಮ ನಾಡಿನಲ್ಲಿ ಯಾರ ಮನೆಯಲ್ಲಿ ಯಾರು ಉಣ್ಣಬಹುದೆಂಬದನ್ನು ಬಹುಕಾಲದಿಂದ ಹುಟ್ಟೇ ತೀರ್ಮಾನಿಸುತ್ತಿತ್ತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೇ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು; ೧೯೫೫ರ ಕಾಯಿದೆಯು ಅದನ್ನು ನಡಿಸುವವರಿಗೆ ಶಿಕ್ಷೆಯನ್ನು ನೇಮಿಸಿತು. ಆದರೂ ಇಂದಿಗೂ ಕೆಲವು ಊರುಗಳ ಚಹದಂಗಡಿಗಳಲ್ಲಿ ಎರಡು ವಿಧವಾದ ಲೋಟಗಳಿರುವದನ್ನು ನಾವು ಬಲ್ಲೆವು. ಕೆಲವು ಮನೆಗಳ ಒಳಗೆ ಇನ್ನೂ ಎರಡು ವಿಧವಾದ ತಟ್ಟೆಗಳುಂಟು. ಒಬ್ಬನಿಗೆ ಅಂಥ ಮನೆಯಲ್ಲಿ ಒಬ್ಬ ಮಿತ್ರನಿರಬಹುದು. ಆ ಮಿತ್ರನ ಪ್ರೀತಿಯು ನಿಜವಾದದ್ದಾಗಿರಬಹುದು; ಹಿರಿಯರಿಗೆ ಅಂಜಿ ಅವನು ಸುಮ್ಮನಿರಬಹುದು. ತಾನೊಬ್ಬನೇ ಹೋದಾಗ ಈತನು ಹಳೇ ಮಮತೆಗೋಸ್ಕರ ಜಗಲಿಯ ಮೇಲೆ ಕೂತು, ತನ್ನ ಲೋಟವನ್ನು ತಾನೇ ತೊಳೆದಿಟ್ಟು ಬಂದಾನು. ಅದನ್ನು ತಾಳುವದೂ ತಾಳದಿರುವದೂ ಅವನ ಸ್ವಂತ ನಿರ್ಣಯ.

ಆದರೆ ಮಗುವನ್ನು ಕರಕೊಂಡು ಹೋದಾಗ ಆ ನಿರ್ಣಯವು ಅವನೊಬ್ಬನದಾಗಿ ಉಳಿಯದು. ಮಗುವು ಎಲ್ಲವನ್ನೂ ನೋಡುವದು. ಆ ಮನೆಯ ಮಕ್ಕಳು ಒಳಗೆ ಓಡಿಹೋಗುವಾಗ ತನ್ನನ್ನು ಬಾಗಿಲಲ್ಲಿ ತಡೆದವರಾರೆಂದೂ, ತನ್ನ ತಟ್ಟೆಯು ಯಾಕೆ ಬೇರೆಯೆಂದೂ, ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ತಂದೆಯ ದನಿಯು ಇಲ್ಲಿ ಯಾಕೆ ತಗ್ಗಿತೆಂದೂ ಅದು ತಿಳುಕೊಳ್ಳುವದು. ತಾನು ಸಣ್ಣವನೆಂಬ ಪಾಠವನ್ನು ತಂದೆಯ ಮಿತ್ರನ ಮನೆಯಲ್ಲಿ ಕಲಿತ ಮಗುವು ಅದನ್ನು ಮರೆಯುವದು ಕಷ್ಟ. ಆದ ಕಾರಣ, ಮಿತ್ರನ ಮನೆಯ ಮೇಲೆ ಒಂದು ಭಾರವನ್ನು ಇಡಬಹುದಾದರೂ ನಮ್ಮ ಮಗುವಿನ ಮೇಲೆ ಅವಮಾನವನ್ನು ಇಡಬಾರದು. ಹೋಗುವ ಮುಂಚೆ ಆ ಮಿತ್ರನಿಗೆ ನೇರವಾಗಿ ಹೇಳತಕ್ಕದ್ದು: "ನಾನು ಮಕ್ಕಳನ್ನು ಕರಕೊಂಡು ಬರಲು ಆಶಿಸುತ್ತೇನೆ, ಅವರು ನಿನ್ನ ಮಕ್ಕಳ ಪಂಕ್ತಿಯಲ್ಲಿ ಕೂತು ಉಣ್ಣುವರೋ?" ಆತನು ಹೌದೆಂದರೆ ಸಂತೋಷದಿಂದ ಹೋಗಿರಿ, ಆ ಒಂದು ಹೌದು ಅವನ ಮನೆಯನ್ನೂ ಬದಲಾಯಿಸೀತು. ಅವನು ಸುಮ್ಮನಾದರೆ ಅವನನ್ನು ದ್ವೇಷಿಸಬೇಡಿರಿ, ಆದರೆ ಮಕ್ಕಳನ್ನು ಕರಕೊಂಡು ಹೋಗಬೇಡಿರಿ.

ಇನ್ನು ಹೋಗಬಹುದಾದ ಮನೆಗೆ ಹೇಗೆ ಹೋಗತಕ್ಕದ್ದು? ಭಾರವನ್ನು ಹೊರುವವರನ್ನು ಕಣ್ಣಮುಂದೆ ಇಟ್ಟುಕೊಂಡರೆ ಇದಕ್ಕೆ ಉತ್ತರವು ತಾನೇ ದೊರೆಯುವದು.

ಮೊದಲು, ತಿಳಿಸಿ ಹೋಗಬೇಕು. ಹಿಂದಿನ ಕಾಲದಲ್ಲಿ ಕಾಗದವು ತಲಪುವ ಮುಂಚೆ ನೆಂಟನೇ ತಲಪುತ್ತಿದ್ದನು. ಈಗ ಬಹಳ ಜನರ ಕೈಯಲ್ಲಿ ಫೋನು ಇರುವಾಗ ಆ ನೆವವು ಸಲ್ಲದು. ಎಷ್ಟು ಜನ, ಯಾವ ಹೊತ್ತು, ಎಷ್ಟು ದಿನ, ಈ ಮೂರನ್ನು ಹೇಳಿರಿ. ಮಿತ್ರನಿಗೆ ಮಾತ್ರ ಹೇಳಿ ಸುಮ್ಮನಾಗದೆ, ಆ ಮನೆಯ ಹೆಂಗಸಿನ ಕಿವಿಗೂ ಅದು ಬಿದ್ದಿದೆಯೋ ಎಂದು ಕೇಳಿರಿ. ಹೊರಡುವ ದಿನವನ್ನು ಬರುವ ದಿನವೇ ಹೇಳಿದರೆ ಹೆಂಗಸರ ಅರ್ಧ ಭಾರವು ಇಳಿಯುವದು. ಯಾಕಂದರೆ ಕೊನೆಯು ಕಾಣುವ ಕೆಲಸವು ಕೊನೆ ಕಾಣದ ಕೆಲಸಕ್ಕಿಂತ ಹಗುರ.

ಎರಡನೆಯದು, ರೋಗವಿರುವ ಮಗುವನ್ನು ಕರಕೊಂಡು ಹೋಗಬಾರದು. ದಡಾರದ ರೋಗವು ಮೈಮೇಲೆ ಗುಳ್ಳೆಗಳು ಕಾಣುವದಕ್ಕೆ ೪ ದಿನ ಮುಂಚಿನಿಂದ ಕಂಡು ೪ ದಿನವಾಗುವ ತನಕ ಪರರಿಗೆ ಅಂಟುವದು. ರೋಗಿಯು ಬಿಟ್ಟುಹೋದ ಕೋಣೆಯ ಗಾಳಿಯಲ್ಲಿ ಅದರ ವಿಷವು ಎರಡು ತಾಸುಗಳ ವರೆಗೂ ಇರಬಹುದು. ನಮ್ಮ ದೇಶದಲ್ಲಿ ಇದಕ್ಕೆ ಮೊದಲನೆಯ ಚುಚ್ಚುಮದ್ದನ್ನು ೯ ತಿಂಗಳು ತುಂಬಿದ ಮೇಲೆಯೂ ಎರಡನೆಯದನ್ನು ೧೬ರಿಂದ ೨೪ ತಿಂಗಳುಗಳ ಒಳಗೂ ಹಾಕುತ್ತಾರೆ. ಹಾಗಾದರೆ ಮಿತ್ರನ ಮನೆಯಲ್ಲಿ ೯ ತಿಂಗಳಿಗೆ ಚಿಕ್ಕದಾದ ಕೂಸಿದ್ದರೆ ಅದಕ್ಕೆ ಇನ್ನೂ ಆ ಚುಚ್ಚುಮದ್ದಿನ ಕಾಪು ಇಲ್ಲವೆಂದು ತಿಳಿಯಿರಿ. ನಾಯಿಕೆಮ್ಮು ಸಹ ದೊಡ್ಡ ಮಕ್ಕಳಿಗಿಂತ ಎಳೇ ಕೂಸುಗಳಿಗೆ ಹೆಚ್ಚು ಅಪಾಯಕರ. ಜ್ವರವೂ ಕೆಮ್ಮೂ ಇರುವ ಮಗುವನ್ನು ಎತ್ತಿಕೊಂಡು, "ಏನೂ ಇಲ್ಲ, ಬಿಸಿಲಿಗೆ ಹೀಗಾಯಿತು" ಎಂದು ಹೇಳಿ ತೊಟ್ಟಿಲಿರುವ ಮನೆಯೊಳಗೆ ಹೋಗುವವನು, ತನ್ನ ಪ್ರಯಾಣವನ್ನು ಮಿತ್ರನ ಮಗುವಿನ ಉಸಿರಿಗಿಂತ ಹೆಚ್ಚಾಗಿ ಎಣಿಸಿದವನು. ಪ್ರಯಾಣವನ್ನು ಮುಂದಕ್ಕೆ ಹಾಕಬಹುದು.

ಮೂರನೆಯದು, ಕೈ ಬೀಸಿಕೊಂಡು ಹೋಗಬಾರದು. ನಾನು ಹೇಳುವದು ಪೇಟೆಯ ಮಿಠಾಯಿಯ ಪೊಟ್ಟಣವನ್ನಲ್ಲ. ಎರಡು ಸೇರು ಹಿಟ್ಟು, ಮಕ್ಕಳ ಹೊದಿಕೆ, ಕೂಸಿನ ಕೆಳಗೆ ಹಾಸುವ ರಬ್ಬರಿನ ಬಟ್ಟೆ, ಇವು ಮಿಠಾಯಿಗಿಂತ ಹೆಚ್ಚು ಸಿಹಿಯಾಗಿರುವವು. ಅದಕ್ಕಿಂತಲೂ ಉತ್ತಮವಾದದ್ದು ಕೈಗಳೇ. ಬಂದ ಹೆಂಗಸು ಒಲೆಯ ಮುಂದೆ ಕೂತುಕೊಳ್ಳುವದು ನಮ್ಮಲ್ಲಿ ವಾಡಿಕೆಯಾಗಿದೆ. ಬಂದ ಗಂಡಸು ಮಾತ್ರ ಜಗಲಿಯನ್ನು ಬಿಟ್ಟೇಳನು. ಅವನು ತನ್ನ ಮಕ್ಕಳನ್ನು ತಾನೇ ತೊಳೆದು, ಉಣ್ಣಿಸಿ, ನೀರು ಸೇದಿ ತಂದು, ರಾತ್ರಿ ಅಳುವ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಲಿ. ಆಗ ಅವನ ಮಿತ್ರನೂ ನಾಚಿ ಎದ್ದು ಕೊಡವನ್ನು ಹಿಡಿದಾನು. ಮಿತ್ರರಿಬ್ಬರ ಮಾತು ಜಗಲಿಯ ಮೇಲೆ ನಡೆದಷ್ಟೇ ಚೆನ್ನಾಗಿ ಬಾವಿಯ ಬಳಿಯಲ್ಲಿಯೂ ನಡೆಯುವದು.

ಮನೆಯವನಿಗೂ ಒಂದು ಮಾತುಂಟು. ಅದು ಸತ್ಯವೆಂಬದು. "ನಮಗೆ ತೊಂದರೆಯೇ ಇಲ್ಲ, ತಿಂಗಳಾದರೂ ಇರಿ" ಎಂದು ಬಾಯಲ್ಲಿ ಹೇಳಿ, ಒಳಗೆ ಹೋಗಿ ಹೆಂಡತಿಯ ಮೇಲೆ ಸಿಡುಕುವವನು ಅತಿಥಿಗೂ ಹೆಂಡತಿಗೂ ಅನ್ಯಾಯಮಾಡುತ್ತಾನೆ. "ಎರಡು ದಿನ ಸಂತೋಷದಿಂದ ಇರಿ, ಮೂರನೆಯ ದಿನ ನಮಗೆ ಕಳೆ ತೆಗೆಯುವ ಕೆಲಸವುಂಟು" ಎಂದು ಹೇಳಬಲ್ಲವನೇ ಮಿತ್ರನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಕೊಡುವವನಿಗೂ ಸಲ್ಲುವದು. ಬಡ್ಡಿಗೆ ಸಾಲ ತಂದು ಕೋಳಿ ಕೊಯ್ದು ಬಡಿಸುವವನು ಅತಿಥಿಯನ್ನು ಅವನಿಗೇ ತಿಳಿಯದ ಹಾಗೆ ಕಳ್ಳನನ್ನಾಗಿ ಮಾಡುತ್ತಾನೆ. ಯಾಕಂದರೆ ಆ ಊಟವು ಬರುವ ತಿಂಗಳಲ್ಲಿ ತನ್ನ ಮಕ್ಕಳ ಬಾಯಿಂದ ತೆಗೆದದ್ದು. ಗಂಜಿಯಿದ್ದ ಮನೆಯಲ್ಲಿ ಗಂಜಿಯನ್ನು ನಗುಮುಖದಿಂದ ಬಡಿಸಲಿ. ಬಂದ ಮಕ್ಕಳು ಎರಡು ದಿನ ಗಂಜಿ ಕುಡಿದರೆ ಸೊರಗುವದಿಲ್ಲ. ತಮ್ಮ ಮನೆಯ ಊಟವೊಂದೇ ಊಟವಲ್ಲವೆಂದು ಕಲಿಯುವವು.

ಇಷ್ಟು ಜಾಗ್ರತೆಯನ್ನು ಓದಿ, "ಹಾಗಾದರೆ ಹೋಗದಿರುವದೇ ಸುಲಭ" ಎಂದು ಯಾವನಾದರೂ ಹೇಳಿಯಾನು. ಸುಲಭವೇನೋ ಹೌದು. ಆದರೆ ಮಕ್ಕಳು ಏನು ಕಳಕೊಳ್ಳುವರೆಂದು ನೋಡಿರಿ. ಮನೆಯಲ್ಲಿ ಮಗುವು ತನ್ನ ತಂದೆಯನ್ನು ದುಡಿಯುವವನಾಗಿಯೂ ಗದರಿಸುವವನಾಗಿಯೂ ನೋಡುವದು. ಮಿತ್ರನ ಮನೆಯಲ್ಲಿ ಆತನನ್ನು ಪ್ರೀತಿಸಲ್ಪಟ್ಟವನಾಗಿ ನೋಡುವದು. ಯಾವನೋ ಒಬ್ಬನು ಬಾಗಿಲಿಗೆ ಓಡಿಬಂದು, ತಂದೆಯ ಚಿಕ್ಕಂದಿನ ಹೆಸರಿನಿಂದ ಆತನನ್ನು ಕರೆದು, ಕೈಕಾಲಿಗೆ ನೀರು ಕೊಟ್ಟು, ಕುಡಿಯುವದಕ್ಕೆ ಬೆಲ್ಲವನ್ನೂ ನೀರನ್ನೂ ಇಟ್ಟಾಗ, ರಕ್ತದ ಸಂಬಂಧವಿಲ್ಲದವರೂ ಹೀಗೆ ಪ್ರೀತಿಸಬಲ್ಲರೆಂದು ಮಗುವು ತಿಳಿಯುವದು. ತನ್ನ ಮನೆಯು ಬಿದ್ದುಹೋದರೂ ಲೋಕದಲ್ಲಿ ತೆರೆದ ಬಾಗಿಲು ಇನ್ನೊಂದುಂಟೆಂಬ ಧೈರ್ಯವು ಅದರ ಮನಸ್ಸಿನಲ್ಲಿ ಬೇರೂರುವದು. 

ಈ ಉಪಕಾರವನ್ನು ತೀರಿಸುವದು ಹೇಗೆ? ಅದೇ ಮನೆಗೆ ಅದೇ ಅಳತೆಯಲ್ಲಿ ತಿರಿಗಿ ಕೊಡುವದು ಎಲ್ಲರಿಂದಲೂ ಆಗದು. ಕೊಟ್ಟ ಮಿತ್ರನು ನಿಮ್ಮ ಊರಿಗೆ ಎಂದಿಗೂ ಬಾರದೆ ಇರಬಹುದು. ಆದರೆ ನಿಮ್ಮ ಊರಿನ ನಿಲ್ದಾಣದಲ್ಲಿಯೂ ರಾತ್ರಿಯ ಬಸ್ಸು ನಿಲ್ಲುವದು. ಅದರಿಂದಲೂ ಮಕ್ಕಳನ್ನು ಹೊತ್ತವರು ಇಳಿಯುವರು. ಅವರಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇದ್ದರೆ ನಿಮ್ಮ ಬಾಗಿಲು ತೆರೆದಿರಲಿ. ತೆರೆಯುವ ಮುಂಚೆ ಒಳಗೆ ಒಲೆಯ ಮುಂದೆ ಇರುವವಳನ್ನು ಕೇಳಿರಿ. ಕೇಳಿದ ಮೇಲೆ ಕೊಡವನ್ನು ನೀವೇ ಎತ್ತಿಕೊಂಡು ನೀರಿಗೆ ಹೋಗಿರಿ.